ಮುಟ್ಟಿದರೆ ಬೆಳಗುವ ಜೋಡಿ ದೀಪ: ಏಳು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಒಂದು ಸ್ಟಾರ್ ಹೋಗಿದ್ದು ವೈಫೈ ಕಾಟಕ್ಕೆ. ಇನ್ನರ್ಧ ಹೋಗಿದ್ದು ಅವನ ರೂಮ್‌ಮೇಟ್‌ನಿಂದ, ಅದು ಆಮೇಲೆ.

ವಸ್ತು ಇಷ್ಟೇ: ಎರಡು ದೀಪಗಳ ಒಂದು ಸೆಟ್. ಒಂದು ನಿಮ್ಮ ಹತ್ತಿರ, ಇನ್ನೊಂದು ದೂರ ಇರುವವರ ಹತ್ತಿರ. ನಿಮ್ಮದನ್ನು ಮುಟ್ಟಿದರೆ ಅವರದು ಬೆಳಗುತ್ತದೆ. ಅವರು ಮುಟ್ಟಿದರೆ ನಿಮ್ಮದು. ಮಾತಿಲ್ಲ, ಮೆಸೇಜಿಲ್ಲ, ಸ್ಕ್ರೀನಿಲ್ಲ. ಹಲವು ಕಂಪನಿಗಳು ಇಂಥದ್ದನ್ನು ಮಾರುತ್ತವೆ. ನಾವು ತೆಗೆದುಕೊಂಡ ಕಂಪನಿಯ ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ.

ನಾವು ಅಂದರೆ ನಾನು ಮತ್ತು ಅವನು. ಅವನು ಓದಲು ಬೇರೆ ದೇಶಕ್ಕೆ ಹೊರಟಿದ್ದ. ವೀಸಾ ಬಂದಿತ್ತು, ಟಿಕೆಟ್ ಆಗಿತ್ತು, ಮನೆ ಖಾಲಿ ಮಾಡುವ ತಾರೀಕೂ ಗೊತ್ತಾಗಿತ್ತು. ಹೊರಡುವವರು ಸಾಮಾನೆಲ್ಲ ಮಾರುತ್ತಾರಲ್ಲ, ಹಾಗೆ ಅವನು ತನ್ನ ಸೈಕಲ್ ಮಾರುತ್ತಿದ್ದ. ನಾನು ಅದನ್ನು ಕೊಳ್ಳಲು ಹೋದೆ. ಅವತ್ತಿನಿಂದ ವಿಮಾನಕ್ಕೆ ಸರಿಯಾಗಿ 47 ದಿನ ಬಾಕಿ ಇತ್ತು. ಇದನ್ನು ಆಮೇಲೆ ಲೆಕ್ಕ ಹಾಕಿದ್ದು, ಅವತ್ತು ಯಾರಿಗೆ ಬೇಕಿತ್ತು ಲೆಕ್ಕ.

ಸೈಕಲ್ ಆಯಿತು. ವಾರ ಬಿಟ್ಟು ಮೇಜು ಕೊಳ್ಳಲು ಹೋದೆ. ಆಮೇಲೆ ಪುಸ್ತಕದ ಶೆಲ್ಫ್. ಆಮೇಲೆ ನನಗೆ ಬೇಡವೇ ಬೇಡದ ಒಂದು ಮರದ ಕುರ್ಚಿ, ಕೂತರೆ ಕಿರುಗುಟ್ಟುತ್ತದೆ, ಅದನ್ನು ನೋಡಿದರೇ ಗೊತ್ತಾಗುತ್ತಿತ್ತು ನಾನು ಬಂದಿದ್ದು ಕುರ್ಚಿಗಲ್ಲ ಅಂತ. ಅವನೂ ಒಂದೇ ಸಲಕ್ಕೆ ಎಲ್ಲವನ್ನೂ ಮಾರಲಿಲ್ಲ, ಒಂದೊಂದೇ ಸಾಮಾನಿನ ಫೋಟೊ ಕಳಿಸುತ್ತಿದ್ದ. ಅವನ ಮನೆ ಖಾಲಿಯಾದ ಹಾಗೆ ನನ್ನ ಮನೆ ತುಂಬಿತು.

ಹೊರಡುವ ತಾರೀಕು ಗೊತ್ತಿರುವ ಪ್ರೀತಿ ವಿಚಿತ್ರ. ಜಗಳಕ್ಕೆ ಟೈಮಿಲ್ಲ. ಬೇಜಾರಾದರೂ "ಇನ್ನು ಎಷ್ಟು ದಿನ, ಬಿಡು" ಅನ್ನಿಸುತ್ತದೆ. ಅವನು ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುತ್ತಿದ್ದ, ಅದೂ ಆಗ ಚಂದವಾಗಿ ಕಾಣುತ್ತಿತ್ತು. ಗೆಳತಿಯರು ಒಬ್ಬರಾದ ಮೇಲೆ ಒಬ್ಬರು ಒಂದೇ ಮಾತು ಹೇಳಿದರು: ಹೊರಟು ಹೋಗ್ತಾನಲ್ವಾ, ಅದಕ್ಕೇ ನಿನಗೆ ಹಾಗನ್ನಿಸ್ತಿದೆ. ಪೂರ್ತಿ ಸುಳ್ಳಲ್ಲ ಅದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ತುಂಬಾ ವರ್ಷಗಳಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ, ಮುಂದಿರುವ ಸಮಯ ಕಡಿಮೆ ಅಂತ ಅನ್ನಿಸಿದಾಗ ಜನ ಹೊಸದನ್ನು ಹುಡುಕುವುದು ಬಿಟ್ಟು ಮನಸ್ಸಿಗೆ ಹತ್ತಿರದ್ದನ್ನು ಹಿಡಿದುಕೊಳ್ಳುತ್ತಾರೆ ಅಂತ. ವಯಸ್ಸಾದವರಲ್ಲಿ ಮಾತ್ರ ಅಲ್ಲ, ಎಲ್ಲಿಂದಲಾದರೂ ಹೊರಡಲಿರುವ ಎಳೆಯರಲ್ಲೂ ಇದು ಕಾಣುತ್ತದಂತೆ. ಆದರೆ ನನ್ನ ತಕರಾರು ಬೇರೆ. ಅವನಿಗೆ ಹೊಸಬಳೇ ನಾನು. ಹೊಸದನ್ನೂ ಹುಡುಕಿ ಅದನ್ನೇ ಹಿಡಿದುಕೊಂಡ ನಮ್ಮಂಥವರಿಗೆ ಏನನ್ನಬೇಕು?

ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ನೀನು ಹೋದ ಮೇಲೆ ನಾವು ಏನು? ದಿನಾ ನಾಲಗೆ ತುದಿಗೆ ಬರುತ್ತಿತ್ತು. ಹೊರಡಲು ಒಂಬತ್ತು ದಿನ ಇದ್ದಾಗ ಒಂದು ಸಂಜೆ ಬಾಯಿ ತೆರೆದೆ. ಅವನು ಅದೇ ಹೊತ್ತಿಗೆ ಫೋನ್ ಮುಂದೆ ಹಿಡಿದು "ಇದು ನೋಡು, ಚೆನ್ನಾಗಿದೆ ಅಲ್ವಾ" ಅಂದ. ಈ ದೀಪ. ಐದೇ ನಿಮಿಷದಲ್ಲಿ ಆರ್ಡರ್ ಮಾಡಿದೆವು. ಇಬ್ಬರಿಗೂ ಎಷ್ಟು ಹಗುರವಾಯಿತು ಅಂದರೆ ನಗು ತಡೆಯಲಾಗಲಿಲ್ಲ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋಕೇ ದೀಪ ಕೊಂಡೆವು ಅಂತ ಹೊಳೆದಿದ್ದು ಎಷ್ಟೋ ದಿನ ಆದ ಮೇಲೆ. ನೀವೂ ಇಂಥ ಪರಿಸ್ಥಿತಿಯಲ್ಲಿ ಕೊಳ್ಳುತ್ತಿದ್ದರೆ ಒಂದು ಸಲ ಯೋಚಿಸಿ. ಆಮೇಲೆ ಕೊಂಡುಕೊಳ್ಳಿ, ಬೇಡ ಅನ್ನುತ್ತಿಲ್ಲ.

ಸೆಟ್ ನಾಲ್ಕು ದಿನದಲ್ಲಿ ಬಂತು. ಕೈಯಲ್ಲಿ ಹಿಡಿಯುವಷ್ಟು ದೊಡ್ಡದು, ಮೇಲೆ ಹಾಲು ಬಣ್ಣದ ಗಾಜು, ಕೆಳಗೆ ಮರದ ಬುಡ. ನೋಡಲು ಚೆನ್ನಾಗಿದೆ. ಒಬ್ಬೊಬ್ಬರು ಒಂದೊಂದು ಬಣ್ಣ ಆರಿಸಿಕೊಳ್ಳಬೇಕು, ನಾನು ಹಸಿರು, ಅವನು ಕಿತ್ತಳೆ. ಯಾರು ಮುಟ್ಟಿದರೋ ಅವರ ಬಣ್ಣ ಎರಡೂ ಕಡೆ ಬೆಳಗಿ, ಒಂದು ನಿಮಿಷ ಇದ್ದು, ನಿಧಾನಕ್ಕೆ ಆರುತ್ತದೆ. ಆ ಆರುವ ರೀತಿ ಮಾತ್ರ ಬಹಳ ಸೊಗಸು, ಇದನ್ನು ಮಾಡಿದ ಇಂಜಿನಿಯರ್ ಯಾರನ್ನೋ ಬಿಟ್ಟು ಬಂದವನೇ ಇರಬೇಕು.

ಖಾಲಿ ಮನೆಯಲ್ಲಿ ನೆಲದ ಮೇಲೆ ಕೂತು ಟೆಸ್ಟ್ ಮಾಡಿದೆವು. ಅವನು ಒಂದು ಕೋಣೆ, ನಾನು ಇನ್ನೊಂದು. ಮುಟ್ಟಿದ ಎರಡು ಸೆಕೆಂಡಿಗೆ ಆ ಕಡೆ ಬೆಳಗುತ್ತಿತ್ತು. ಗೋಡೆಯಾಚೆಗೇ ಎರಡು ಸೆಕೆಂಡ್ ಆದರೆ ಸಮುದ್ರದಾಚೆಗೆ ಎಷ್ಟಾಗುತ್ತೋ ಅಂತ ನನಗೆ ಚಿಂತೆ. ಅವನು ಹೋದ ಮೇಲೆ ನೋಡಿದರೆ ಅಷ್ಟೇ ಎರಡು ಸೆಕೆಂಡ್! ಕಾರಣ ಸರಳ. ದೀಪಗಳು ನೇರವಾಗಿ ಒಂದಕ್ಕೊಂದು ಮಾತಾಡುವುದಿಲ್ಲ. ನಿಮ್ಮ ರೂಟರ್, ಅಲ್ಲಿಂದ ಕಂಪನಿಯ ಸರ್ವರ್, ಅಲ್ಲಿಂದ ಅವರ ರೂಟರ್, ಆಮೇಲೆ ದೀಪ. ಪಕ್ಕದ ಕೋಣೆಯಲ್ಲಿದ್ದರೂ ಇದೇ ದಾರಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಅಂದರೆ 10,000 ಕಿಲೋಮೀಟರ್ ದಾಟಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ತಡ ಆಗುವುದು ದೂರದಿಂದಲ್ಲ, ಮಧ್ಯದಲ್ಲಿರುವ ಯಂತ್ರಗಳಿಂದ. ಇದೇ ಕಾರಣಕ್ಕೆ ಇನ್ನೊಂದು ಅಪಾಯವೂ ಇದೆ. ಕಂಪನಿ ನಾಳೆ ಬಾಗಿಲು ಹಾಕಿ ಸರ್ವರ್ ನಿಲ್ಲಿಸಿದರೆ ನಿಮ್ಮ ಪ್ರೀತಿ ಎಷ್ಟೇ ಗಟ್ಟಿ ಇದ್ದರೂ ದೀಪ ಬರೀ ಗಾಜು. ಡಬ್ಬದ ಮೇಲೆ ಇದನ್ನು ಎಲ್ಲೂ ಬರೆದಿರಲಿಲ್ಲ.

ಪ್ಯಾಕಿಂಗ್ ದಿನ. ಸೂಟ್‌ಕೇಸಿಗೆ 23 ಕಿಲೋ ಮಿತಿ. ಅವನದು ಆಗಲೇ ಗಡಿಯಲ್ಲಿತ್ತು. ದೀಪ ಇಟ್ಟರೆ ಜಾಸ್ತಿ ಆಗುತ್ತಿತ್ತು. ಒಂದು ದಪ್ಪ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟ, ದೀಪವನ್ನು ಸ್ವೆಟರಿನಲ್ಲಿ ಸುತ್ತಿ ಇಟ್ಟ. ನಾನು ಏನೂ ಮಾತಾಡಲಿಲ್ಲ, ತೂಕದ ಮುಳ್ಳು ನೋಡುತ್ತಾ ನಿಂತಿದ್ದೆ. ಇದರೊಳಗೆ ಬ್ಯಾಟರಿ ಇಲ್ಲ, ಅದು ಒಳ್ಳೆಯದು. ಲಿಥಿಯಂ ಬ್ಯಾಟರಿ ಇರುವ ಮಾದರಿಗಳೂ ಇವೆ, ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಒಯ್ಯಬೇಕು ಅನ್ನುವ ನಿಯಮ ಗೊತ್ತಿರಲಿ. ಅಡಾಪ್ಟರಿನ ಮೇಲೆ 100-240 ವೋಲ್ಟ್ ಅಂತ ಇದ್ದರೆ ಯಾವ ದೇಶದಲ್ಲಾದರೂ ನಡೆಯುತ್ತದೆ, ಪ್ಲಗ್ಗಿನ ಆಕಾರ ಮಾತ್ರ ಬೇರೆ. ಪ್ರಪಂಚದಲ್ಲಿ ಪ್ಲಗ್ 15 ಬಗೆ. ಹೊರಡುವ ಮುಂಚೆಯೇ ಆ ದೇಶದ ಪ್ಲಗ್ಗಿಗೆ ಹೊಂದುವ ಅಡಾಪ್ಟರ್ ತೆಗೆದುಕೊಳ್ಳಿ. ಅವನು ತೆಗೆದುಕೊಂಡಿರಲಿಲ್ಲ.

ಈಗ ಬೈಗುಳ.

ಅವನು ಮೊದಲ ಮೂರು ವಾರ ಇದ್ದ ಜಾಗದಲ್ಲಿ ವೈಫೈ ಬಳಸಲು ಬ್ರೌಸರ್ ತೆರೆದು, ಹೆಸರು ಹಾಕಿ, "ಒಪ್ಪಿಗೆ" ಒತ್ತಬೇಕಿತ್ತು. ಹಾಸ್ಟೆಲ್, ಹೋಟೆಲ್, ಕಾಲೇಜು, ಎಷ್ಟೋ ಕಡೆ ಹೀಗೇ. ಪಾಪದ ದೀಪಕ್ಕೆ ಬ್ರೌಸರ್ ಎಲ್ಲಿಂದ ಬರಬೇಕು? ಮೂರು ವಾರ ಅದು ಸ್ವೆಟರಿನಿಂದ ಹೊರಗೇ ಬರಲಿಲ್ಲ. ಹೊಸದಾಗಿ ಹೊರಟವರಿಗೆ ಎಲ್ಲಕ್ಕಿಂತ ಕಷ್ಟದ ದಿನ ಅಂದರೆ ಮೊದಲ ಮೂರು ವಾರವೇ, ಅದೇ ಹೊತ್ತಿಗೆ ಕೈಕೊಡುವ ವಸ್ತುವನ್ನು "ದೂರ ಇರುವ ಪ್ರೇಮಿಗಳಿಗಾಗಿ" ಅಂತ ಹೇಗೆ ಮಾರುತ್ತಾರೋ ಗೊತ್ತಿಲ್ಲ. ಸಾಲದ್ದಕ್ಕೆ ಇದು 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಹಿಡಿಯುತ್ತದೆ, 5 ಗಿಗಾಹರ್ಟ್ಜ್ ಆಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ನೋಡಿ ಅಂತ ಯಾರಾದರೂ ಹೇಳುತ್ತಾರೆ. ಅದೂ 2.4ರಲ್ಲೇ ಇರಬೇಕು, ಹೊಸ ಐಫೋನಿನಲ್ಲಿ ಅದಕ್ಕೆ ಬೇರೆ ಸೆಟ್ಟಿಂಗ್ ಆನ್ ಮಾಡಬೇಕು. ಇದೆಲ್ಲ ತಿಳಿದುಕೊಳ್ಳುವಷ್ಟರಲ್ಲಿ ನಾನು ಅರ್ಧ ಇಂಜಿನಿಯರ್ ಆಗಿದ್ದೆ.

ಆಮೇಲೆ ಅವನಿಗೆ ಮನೆ ಸಿಕ್ಕಿತು, ಒಬ್ಬ ರೂಮ್‌ಮೇಟ್ ಜೊತೆ. ಅವನ ಕೋಣೆಗೆ ವೈಫೈ ಸರಿಯಾಗಿ ಬರುವುದಿಲ್ಲ. ಅದಕ್ಕೆ ದೀಪವನ್ನು ಹಾಲಿನಲ್ಲಿ ರೂಟರ್ ಪಕ್ಕದ ಶೆಲ್ಫ್ ಮೇಲೆ ಇಟ್ಟ. ಇದು ನೆನಪಿರಲಿ.

ಅವತ್ತು ರಾತ್ರಿ ಮೂರು ಗಂಟೆಗೆ ನನ್ನ ಕೋಣೆಯೆಲ್ಲ ಕಿತ್ತಳೆ ಬಣ್ಣ. ನಿದ್ದೆಗಣ್ಣಲ್ಲಿ ಬೆಂಕಿ ಅಂತ ಹಾರಿ ಎದ್ದೆ. ನಮ್ಮ ನಡುವೆ ಏಳು ಗಂಟೆ ಅಂತರ, ಅಲ್ಲಿ ಆಗ ರಾತ್ರಿ ಎಂಟು. ದೀಪದಲ್ಲಿ ಬೆಳಕು ಕಡಿಮೆ ಮಾಡುವ ವ್ಯವಸ್ಥೆ ಇಲ್ಲ, ರಾತ್ರಿ ಹೊತ್ತು ಸುಮ್ಮನಿರು ಅಂತ ಹೇಳುವ ಬಟನ್ ಇಲ್ಲ. ಈಗ ಮಲಗುವಾಗ ಅದಕ್ಕೊಂದು ಕಾಲುಚೀಲ ಹಾಕುತ್ತೇನೆ. ತೆಗೆದು ಇಡುವುದಿಲ್ಲ, ಪ್ಲಗ್ಗೂ ಕೀಳುವುದಿಲ್ಲ. ಕಾಲುಚೀಲದೊಳಗಿಂದ ಸಣ್ಣಗೆ ಕಾಣುತ್ತದೆ, ಸಾಕು.

ವಿಡಿಯೊ ಕಾಲ್ ಇರುವಾಗ ದೀಪ ಯಾಕೆ ಅಂತ ಕೇಳುತ್ತಾರೆ. ನಾನೂ ಕೇಳಿಕೊಂಡಿದ್ದೆ. ವರ್ಷಗಟ್ಟಲೆ ಜೊತೆಗಿದ್ದು ದೂರ ಆದವರಿಗೆ ಮಾತಿಗೆ ಸಾಮಾನು ಇರುತ್ತದೆ, ಆ ಮನೆ, ಈ ಗೆಳೆಯ, ಹಳೇ ಜಗಳ. ನಮ್ಮ ಹತ್ತಿರ ಇದ್ದಿದ್ದು 47 ದಿನ. ಎರಡು ವಾರದಲ್ಲಿ ಎಲ್ಲ ನೆನಪೂ ಮಾತಾಡಿ ಮುಗಿಯಿತು. ಆಮೇಲೆ ಕಾಲ್ ಮಾಡಿದರೆ ಇಬ್ಬರೂ ಸಂದರ್ಶನಕ್ಕೆ ಕೂತ ಹಾಗೆ. ಇವತ್ತು ಏನಾಯ್ತು? ಏನಿಲ್ಲ, ನಿನ್ನದು? ಏನಿಲ್ಲ. ಪ್ರೀತಿ ಇದೆ, ಸುದ್ದಿ ಇಲ್ಲ. ದೀಪ ಸುದ್ದಿ ಕೇಳುವುದಿಲ್ಲ. ಪಾತ್ರೆ ತೊಳೆದು ಕೈ ಒರೆಸಿಕೊಂಡು ಹೋಗುವಾಗ ಒಂದು ಸಲ ಮುಟ್ಟಿದರೆ ಮುಗಿಯಿತು, ಅಷ್ಟರಲ್ಲಿ ಅಲ್ಲಿ ಯಾರೋ ತಲೆ ಎತ್ತಿ ನೋಡಿರುತ್ತಾರೆ. ಇದಕ್ಕೇ ಮೂರೂವರೆ ಸ್ಟಾರ್ ಕೊಟ್ಟಿದ್ದು. ಕಂಪಿಸುವ ಜೋಡಿ ಬಳೆಗಳೂ ಸಿಗುತ್ತವೆ, ಒಬ್ಬರ ಹತ್ತಿರ ಎರವಲು ಪಡೆದು ನೋಡಿದೆ. ಚಾರ್ಜ್ ಮಾಡಬೇಕು, ಫೋನ್ ಹತ್ತಿರವೇ ಇರಬೇಕು, ಮೀಟಿಂಗ್ ಮಧ್ಯೆ ಕೈ ಗುರ್ ಅನ್ನುತ್ತದೆ. ಬೇಡ.

ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ದೀಪದ ಬಗ್ಗೆ ಮಾತಾಡಬಾರದು. "ನೋಡಿದ್ಯಾ", "ಯಾಕೆ ಮುಟ್ಟಲಿಲ್ಲ" ಅಂತೆಲ್ಲ ಕೇಳಲು ಶುರು ಮಾಡಿದರೆ ಅದೂ ಒಂದು ಹಾಜರಿ ಪುಸ್ತಕ ಆಗುತ್ತದೆ ಅಂತ. ನಿಯಮ ಚೆನ್ನಾಗೇ ಇತ್ತು, ಅದು ಮುರಿಯುವ ತನಕ.

ಎರಡನೇ ತಿಂಗಳು ಒಂದು ದಿನ ಕಿತ್ತಳೆ ಬರಲಿಲ್ಲ. ಮಾರನೇ ದಿನವೂ ಇಲ್ಲ. ನಾನು ಮುಟ್ಟಿದೆ, ನನ್ನ ದೀಪ ಹಸಿರಾಗಿ ಬೆಳಗಿತು, ಅಂದರೆ ಹೋಯಿತು ಅಂತ ತಾನೇ ಅರ್ಥ? ಉತ್ತರ ಇಲ್ಲ. ಮೂರನೇ ದಿನ ಮೆಸೇಜುಗಳೂ ಒಣಗಿದವು. ಹೇಗಿದೀಯ. ಚೆನ್ನಾಗಿದೀನಿ, ನೀನು. ನಾಲ್ಕನೇ ದಿನ ಸಂಜೆ ನಾನು ಎಲ್ಲಾ ಲೆಕ್ಕ ಹಾಕಿ ಮುಗಿಸಿದ್ದೆ, ಅವನಿಗೆ ಅಲ್ಲಿ ಯಾರೋ ಸಿಕ್ಕಿದ್ದಾರೆ, 47 ದಿನದ ಸಂಬಂಧಕ್ಕೆ ಇನ್ನೇನು ಬೆಲೆ, ಗೆಳತಿಯರು ಹೇಳಿದ್ದೇ ಸರಿ, ಅಂತ. ಬರೆದೆ: "ಬೇಡ ಅನ್ನಿಸಿದ್ರೆ ನೇರವಾಗಿ ಹೇಳು."

ಅವನು ಬರೆದ: "ನಾನಾ? ನಾಲ್ಕು ದಿನದಿಂದ ದೀಪ ಮುಟ್ಟದೇ ಇರೋದು ನೀನು!"

ಆಗಿದ್ದು ಇಷ್ಟು. ಅವರ ಮನೆಯ ರೂಟರ್ ಬದಲಾಗಿತ್ತು. ಹೊಸ ಹೆಸರು, ಹೊಸ ಪಾಸ್‌ವರ್ಡ್. ದೀಪ ಹಳೆಯದನ್ನೇ ಹುಡುಕುತ್ತಾ ಕೂತಿತ್ತು. ಆದರೆ ಅದು ಹೇಳಬೇಕಲ್ಲ! ನೆಟ್ ಇಲ್ಲದಿದ್ದರೂ ಮುಟ್ಟಿದವರ ದೀಪ ಮಾಮೂಲಿನಂತೆ ಬೆಳಗುತ್ತದೆ. ಆ ಕಡೆ ತಲುಪಿತೋ ಇಲ್ಲವೋ ತಿಳಿಯಲು ಯಾವ ದಾರಿಯೂ ಇಲ್ಲ. ನಾಲ್ಕು ದಿನ ಅವನು ಅಲ್ಲಿ ಕಿತ್ತಳೆ ಕಳಿಸುತ್ತಿದ್ದ, ನಾನು ಇಲ್ಲಿ ಹಸಿರು ಕಳಿಸುತ್ತಿದ್ದೆ, ಇಬ್ಬರೂ ಅವರವರ ಬೆಳಕನ್ನೇ ನೋಡಿಕೊಂಡು ಅಳುತ್ತಿದ್ದೆವು. ಸರಿ, ಅಳುತ್ತಿದ್ದಿದ್ದು ನಾನು. ಅವನು ಪೇಚಾಡುತ್ತಿದ್ದನಂತೆ.

ಕಂಪನಿಗೆ ಬರೆದೆ. ಬುಡದಲ್ಲಿರುವ ಬಟನನ್ನು ಹತ್ತು ಸೆಕೆಂಡ್ ಒತ್ತಿ ರೀಸೆಟ್ ಮಾಡಿ ಅಂತ ಉತ್ತರ ಬಂತು. ಅದಲ್ಲ ನನ್ನ ಪ್ರಶ್ನೆ, ತಲುಪಿಲ್ಲ ಅಂತ ಒಂದು ಕೆಂಪು ಚುಕ್ಕೆಯನ್ನಾದರೂ ತೋರಿಸಬಹುದಲ್ಲ ಅಂದೆ. ನಿಮ್ಮ ಸಲಹೆ ನಮಗೆ ಅಮೂಲ್ಯ ಅಂದರು. ಮುಗಿಯಿತು. ಫೋನಿನ ಮೆಸೇಜಿಗೇ ಎರಡು ಟಿಕ್ ಇರುವ ಕಾಲ ಇದು.

ಆದರೂ ನಿಜ ಹೇಳುತ್ತೇನೆ, ಅವತ್ತು ರಾತ್ರಿ ಒಂದೂವರೆ ಗಂಟೆ ಮಾತಾಡಿದೆವು, ಮೊದಲ ಸಲ ಆ ಪ್ರಶ್ನೆಯ ಮೇಲೆ. ಅವನ ಓದು ಎರಡು ವರ್ಷ. ನಾನು ಇಲ್ಲಿನ ಕೆಲಸ ಬಿಟ್ಟು ಅಲ್ಲಿಗೆ ಹೋಗುವವಳಲ್ಲ, ಅದನ್ನು ಜೋರಾಗಿ ಹೇಳಿದ್ದು ಅವತ್ತೇ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಫೆಬ್ರವರಿಯಲ್ಲಿ ಬರುತ್ತೇನೆ ಅಂದ. ಯಾರಿಗೆ ಬೇಡ ಅನ್ನಿಸಿದರೂ ಬಾಯಿಬಿಟ್ಟು ಹೇಳುವುದು, ದೀಪ ಆರಿಸಿ ಹೇಳುವುದಲ್ಲ ಅಂತ ಒಪ್ಪಿಕೊಂಡೆವು. ದೀಪ ಸರಿಯಾಗಿ ಕೆಲಸ ಮಾಡಿದ್ದಿದ್ದರೆ ಈ ಮಾತು ಇನ್ನೂ ಆಗುತ್ತಿರಲಿಲ್ಲ. ಇದಕ್ಕೆ ಸ್ಟಾರ್ ಕೊಡಬೇಕೋ ಕೀಳಬೇಕೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ.

ಗಡಿಯಾರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವರ್ಷಕ್ಕೆರಡು ಸಲ ಗಡಿಯಾರ ಬದಲಿಸುವ ದೇಶಕ್ಕೆ ನಿಮ್ಮವರು ಹೋಗಿದ್ದರೆ ಅಂತರ ಬದಲಾಗುತ್ತದೆ. ಯುರೋಪಿನ ಹೆಚ್ಚಿನ ಕಡೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಮತ್ತು ನವೆಂಬರ್‌ನ ಮೊದಲ ಭಾನುವಾರ. ನಮ್ಮದು ಏಳಿದ್ದದ್ದು ಎಂಟಾಯಿತು. ದೀಪಕ್ಕೆ ಇದರಿಂದ ಏನೂ ಆಗುವುದಿಲ್ಲ, ಮುಟ್ಟಿದಾಗ ಬೆಳಗುತ್ತದೆ ಅಷ್ಟೇ. ನನಗೆ ಆಗುತ್ತಿತ್ತು.

ಯಾಕೆಂದರೆ ಶನಿವಾರ. ಪ್ರತಿ ಶನಿವಾರ ನನ್ನ ಕಡೆ ನಾಲ್ಕು ಗಂಟೆಗೆ, ಗಡಿಯಾರ ಬದಲಾದ ಮೇಲೆ ಐದಕ್ಕೆ, ಕಿತ್ತಳೆ ಬಣ್ಣ ಮೂರು ಸಲ ಬೇಗಬೇಗ ಮಿನುಗುತ್ತಿತ್ತು. ಬೇರೆ ದಿನ ಹಾಗಲ್ಲ, ಒಂದೇ ಸಲ. ಅಲ್ಲಿ ಆಗ ಬೆಳಗ್ಗೆ ಒಂಬತ್ತು. ಶನಿವಾರ ಅವನು ಹನ್ನೊಂದರ ತನಕ ಏಳುವುದಿಲ್ಲ ಅಂತ ನನಗೆ ಗೊತ್ತು. ಅಂದರೆ ಎದ್ದು, ಚಳಿಯಲ್ಲಿ ಹಾಲಿಗೆ ಬಂದು, ಮೂರು ಸಲ ಮುಟ್ಟಿ, ಹೋಗಿ ಮತ್ತೆ ಮಲಗುತ್ತಾನೆ. ಮೂರು ಸಲ ಯಾಕೆ? ಮೂರು ಪದದ ಒಂದು ಮಾತಿದೆಯಲ್ಲ, ಅವನು ಬಾಯಲ್ಲಿ ಇನ್ನೂ ಹೇಳದೇ ಇದ್ದಿದ್ದು. ನಾನು ಕೇಳಲಿಲ್ಲ. ಕೇಳಿದರೆ ಸೊಗಸು ಹೋಗುತ್ತದೆ ಅಂತ ಹೇಗೂ ನಿಯಮ ಇತ್ತಲ್ಲ. ಶನಿವಾರ ಆ ಹೊತ್ತಿಗೆ ಎಲ್ಲೂ ಹೊರಗೆ ಹೋಗುತ್ತಿರಲಿಲ್ಲ. ಮೇಜಿನ ಮುಂದೆ, ಅದೇ ಅವನಿಂದ ಕೊಂಡ ಮೇಜು, ಕಾದು ಕೂತು ತಕ್ಷಣ ಹಸಿರು ಕಳಿಸುತ್ತಿದ್ದೆ.

2013ರಲ್ಲಿ ಕ್ರಿಸ್ಟಲ್ ಜಿಯಾಂಗ್ ಮತ್ತು ಜೆಫ್ರಿ ಹ್ಯಾನ್‌ಕಾಕ್ ಅನ್ನುವ ಇಬ್ಬರು ಸಂಶೋಧಕರು ದೂರ ಇರುವ ಜೋಡಿಗಳ ಮಾತುಕತೆಯನ್ನು ಹತ್ತಿರ ಇರುವವರ ಜೊತೆ ಹೋಲಿಸಿ ಬರೆದಿದ್ದರು. ದೂರ ಇರುವವರು ಮನಸ್ಸು ಬಿಚ್ಚಿ ಮಾತಾಡುವುದೂ ಜಾಸ್ತಿ, ಎದುರಿನವರ ನಡತೆಯನ್ನು ಇರುವುದಕ್ಕಿಂತ ಚಂದ ಮಾಡಿ ನೋಡುವುದೂ ಜಾಸ್ತಿ ಅಂತ. ಇದನ್ನು ನಾನು ಓದಿದ್ದು ಫೆಬ್ರವರಿ ಕಳೆದ ಮೇಲೆ. ಮುಂಚೆ ಓದಿದ್ದರೂ ನನಗಲ್ಲ ಅಂದುಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ಬಂದ, ಹೇಳಿದ ಹಾಗೆ. ಹತ್ತು ದಿನ. ಟವೆಲ್ ಹಾಸಿಗೆ ಮೇಲೆ ಎಸೆದ, ನಾನು ಬೈದೆ, ಚೆನ್ನಾಗಿತ್ತು. ಅವನ ದೀಪ ಅಲ್ಲೇ ಶೆಲ್ಫ್ ಮೇಲೆ ಇತ್ತು. ಶನಿವಾರ ಸಂಜೆ ಅವನು ನನ್ನ ಮನೆಯಲ್ಲಿ ಆ ಕಿರುಗುಟ್ಟುವ ಕುರ್ಚಿಯಲ್ಲಿ ಕೂತು ಏನೋ ಓದುತ್ತಿದ್ದ. ಐದು ಗಂಟೆ. ದೀಪ ಕಿತ್ತಳೆ ಬಣ್ಣದಲ್ಲಿ ಮೂರು ಸಲ ಮಿನುಗಿತು.

ನಾನು ದೀಪ ನೋಡಿದೆ. ಅವನನ್ನು ನೋಡಿದೆ. ಅವನೂ ದೀಪ ನೋಡುತ್ತಿದ್ದ.

"ಯಾರದು?" ಅಂದೆ. ಅಭ್ಯಾಸಕ್ಕೆ ಕೈ ತಾನಾಗೇ ಹೋಗಿ ಹಸಿರು ಕಳಿಸಿಬಿಟ್ಟಿತ್ತು. ಅವನು ರೂಮ್‌ಮೇಟ್‌ಗೆ ಮೆಸೇಜ್ ಹಾಕಿದ. ಎರಡು ನಿಮಿಷದಲ್ಲಿ ಉತ್ತರ. ಸಾರಿ, ಧೂಳು ಒರೆಸುತ್ತಿದ್ದೆ, ಪ್ರತಿ ಶನಿವಾರ ಒರೆಸುತ್ತೇನಲ್ಲ. ಅದರ ಕೆಳಗೆ ಇನ್ನೊಂದು: ಒರೆಸಿದ ತಕ್ಷಣ ಅದು ಯಾವಾಗಲೂ ಹಸಿರಾಗುತ್ತದೆ, ಕ್ಲೀನ್ ಆಯಿತು ಅಂತ ಹೇಳುತ್ತಿದೆ ಅಂದುಕೊಂಡಿದ್ದೆ.

ಅರ್ಧ ಸ್ಟಾರ್ ಹೋಗಿದ್ದು ಇಲ್ಲಿ. ಮುಟ್ಟಿದ್ದು ಬೆರಳೋ ಧೂಳು ಒರೆಸುವ ಒದ್ದೆ ಬಟ್ಟೆಯೋ, ಇದರ ಸೆನ್ಸರ್‌ಗೆ ಗೊತ್ತಾಗುವುದಿಲ್ಲ.